ಈರಪ್ಪನ ಕಾಲೊಳಗೆ ನನ್ನ ಕುತ್ತಿಗೆ

ಬ್ರೆಜಿಲಿಯನ್ ಜಿಯು-ಜಿತ್ಸು ಎಂಬ ವಿದ್ಯೆ ನನಗೆ ಎರಡೇ ವಾರದಲ್ಲಿ ಒಲಿಯುತ್ತದೆ ಎಂಬುದರ ಬಗ್ಗೆ ನನಗೆ ಸಂಶಯವೇ ಇರಲಿಲ್ಲ. ಭಾರ, ಬಲ, ಸನ್ನೆಕೋಲು ಎಲ್ಲವನ್ನೂ ಜಮಖಂಡಿಯ ಕಾಲೇಜಿನಲ್ಲಿ ಹದಿನೆಂಟು ವರ್ಷಗಳಿಂದ ಕಲಿಸುತ್ತಿರುವ ಭೌತಶಾಸ್ತ್ರದ ಉಪನ್ಯಾಸಕ ನಾನು. ಮೇಲಾಗಿ ಮುಧೋಳದ ಪೈಲ್ವಾನರೊಬ್ಬರ ಅಳಿಯ!

ಕಲಿಯಬೇಕೆಂದು ಹಟ ಹಿಡಿದವಳು ಎಂಟನೇ ತರಗತಿಯ ಮಗಳು ಸೃಷ್ಟಿ. ಅಡ್ಡ ನಿಂತವಳು ಹೆಂಡತಿ ಸುನಂದಾ.

“ಕುಸ್ತಿ ಆದ್ರ ನಮ್ಮಪ್ಪನ ಕಾಲದಿಂದ ಗೊತ್ತೈತ್ರಿ. ಇದ್ಯಾವ್ದೋ ಬ್ರೆಜಿಲ್‌ದು. ಕುತಗಿ ಹಿಚುಕ್ತಾರಂತ! ಮೊದ್ಲ ನೀವು ಹೋಗಿ ಕಲೀರಿ. ನನ್ನ ಕಣ್ಣಮುಂದ ಆಡಿ ತೋರಸ್ರಿ. ಆಮ್ಯಾಲ ಅಕೀನ ಕಳಸೂದೋ ಬ್ಯಾಡೋ ನೋಡೂಣು.”

“ಅಪ್ಪಾ, ನನ್ನ ಭವಿಷ್ಯ ಎಲ್ಲಾ ನಿನ್ನ ಕುತಗಿ ಮ್ಯಾಲ ಐತಿ ನೋಡ್,” ಎಂದಳು ಮಗಳು.

ಮಂಗಲ ಕಾರ್ಯಾಲಯವೊಂದರ ಊಟದ ಹಾಲಿನಲ್ಲಿ ಮ್ಯಾಟು ಹಾಸಿ ಪ್ರವೀಣ ಸರ್ ಕಲಿಸುತ್ತಿದ್ದರು. ಗಾರ್ಡ್ ಎಂದರೆ ಕೆಳಗೆ ಮಲಗಿದವನು ತನ್ನ ಕಾಲುಗಳಿಂದಲೇ ಕಟ್ಟಿಕೊಳ್ಳುವ ಬೇಲಿ. ಅವನ ಮೊಣಕಾಲು ಹಿಡಿದು ಪಕ್ಕಕ್ಕೆ ಸರಿಸಿ, ಸುತ್ತು ಹೊಡೆದು ಎದೆಯ ಮೇಲೆ ಭಾರ ಹಾಕಿದರೆ ಬೇಲಿ ದಾಟಿದಂತೆ. “ಅವನ ಕಾಲ್ನಡುವ ಒಂದು ಕೈ ಒಳಗ, ಒಂದು ಕೈ ಹೊರಗ ಮಾತ್ರ ಇಡಬ್ಯಾಡ್ರಿ. ತಲಿ ಬಗ್ಗಿಸಬ್ಯಾಡ್ರಿ. ಸೋತ್ರ ಎದುರಿನವನ ಮೈ ಬಡೀರಿ, ಬಿಡ್ತಾನ,” ಎಂದಿದ್ದರು. ನಾನು ನೋಟ್ಸ್ ಬರೆದುಕೊಂಡೆ!

ಮನೆಯಲ್ಲಿ ಕೌದಿ ಹಾಸಿ, ಮಂಚದ ಲೋಡು ದಿಂಬನ್ನು ಎದುರಾಳಿಯಾಗಿ ನೇಮಿಸಿದೆ. ಒಂದೇ ಸಂಜೆ ಅದರ ಗಾರ್ಡನ್ನು ಹನ್ನೆರಡು ಸಲ ದಾಟಿದೆ. ಲೋಡು ಚಕಾರ ಎತ್ತಲಿಲ್ಲ.

ಮೂರನೇ ಭಾನುವಾರ ಬೆಳಿಗ್ಗೆ, ಕಲಿಯುವವರ ಮನೆಯವರನ್ನೆಲ್ಲ ಕರೆಸಿ ಪ್ರದರ್ಶನ. ನನಗೆ ಜೋಡಿಯಾಗಿ ಬಂದವನು ಬನಹಟ್ಟಿಯ ಈರಪ್ಪ. ಇಪ್ಪತ್ತು ವರ್ಷ ಕೈಮಗ್ಗ ನಡೆಸಿದ ನೇಕಾರ; ಮುಧೋಳ ನಾಯಿಯಂತೆ ಹೊಟ್ಟೆ ಬೆನ್ನಿಗೆ ಹತ್ತಿದ, ಐವತ್ತೈದು ಕಿಲೋದ ಮನುಷ್ಯ. ನಾನು ಎಂಬತ್ತೆಂಟು. ನನಗೆ ಅವನ ಮೇಲೆ ಕರುಣೆ ಬಂತು.

“ಸರ, ಸಾವಕಾಶ ಆಡೂಣ್ರಿ. ಎಲ್ಲ್ಯರ ಪೆಟ್ಟ್ ಹತ್ತೀತು,” ಎಂದ.

“ಹೆದರಬ್ಯಾಡೋ ಈರಪ್ಪ. ನಾ ಸಂಭಾಳಿಸ್ತೇನಿ.”

ಆಟ ಶುರುವಾಯಿತು. ನಾನು ಎಡಗೈಯಿಂದ ಅವನ ಎದೆಯನ್ನು ಮುಟ್ಟಿದೆ, ಅಷ್ಟೇ. ಈರಪ್ಪ ತಾನಾಗಿಯೇ ಅಂಗಾತ ಬಿದ್ದ!

“ಚಿತ್! ಚಿತ್ ಆದ!” ಎಂದು ಸುನಂದಾ ಕುರ್ಚಿಯಿಂದ ಜಿಗಿದು ಚಪ್ಪಾಳೆ ತಟ್ಟಿದಳು. ಹಾಲಿಗೆ ಹಾಲೇ ಸಿಳ್ಳೆ ಹೊಡೆಯಿತು.

ಇಲ್ಲಿ ಓದುಗರು ನನ್ನನ್ನು ಕ್ಷಮಿಸಬೇಕು. ಈ ಆಟದಲ್ಲಿ ಅಂಗಾತ ಮಲಗಿದ ಮೇಲೆಯೇ ಜಗಳ ಶುರುವಾಗುತ್ತದೆ ಎಂದು ನನ್ನ ನೋಟ್ಸಿನಲ್ಲಿತ್ತು. ಆದರೆ ನಮ್ಮ ಕಡೆ ಬೆನ್ನು ಮಣ್ಣಿಗೆ ಹತ್ತಿತೆಂದರೆ ಕುಸ್ತಿ ಮುಗಿಯಿತು. ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ನಾನು ಅವನ ಕಾಲುಗಳ ನಡುವೆ ಮೊಣಕಾಲೂರಿ, ಎಡಗೈಯನ್ನು ಅವನ ಎದೆಯ ಮೇಲೆಯೇ ಇಟ್ಟು, ಬಲಗೈ ಎತ್ತಿ ಪ್ರೇಕ್ಷಕರಿಗೆ ನಮಸ್ಕರಿಸಿದೆ. ಆಮೇಲೆ ಗೆದ್ದ ಪೈಲ್ವಾನರ ಪದ್ಧತಿಯಂತೆ ಕಣದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ಬಗ್ಗಿದೆ.

ಮ್ಯಾಟಿನ ಮೇಲೆ ಮಣ್ಣಿರಲಿಲ್ಲ. ಈರಪ್ಪನ ಕಾಲುಗಳಿದ್ದವು.

ಒಂದು ಕೈ ಒಳಗೆ, ಒಂದು ಕೈ ಹೊರಗೆ, ತಲೆ ಕೆಳಗೆ. ಎರಡೂ ತಪ್ಪುಗಳನ್ನು ಒಟ್ಟಿಗೆ ಸಲ್ಲಿಸಿದ್ದೆ! ಇಪ್ಪತ್ತು ವರ್ಷ ಮಗ್ಗ ತುಳಿದ ಆ ಕಾಲುಗಳು ಕುತ್ತಿಗೆಯ ಸುತ್ತ ತ್ರಿಕೋನವಾಗಿ ಮುಚ್ಚಿಕೊಂಡವು. ಗೋಡೆಯ ಮೇಲೆ ಯಾರದೋ ಮದುವೆಯ ‘ಶುಭವಿವಾಹ’ ಎಂಬ ಥರ್ಮೋಕೋಲ್ ಅಕ್ಷರಗಳು ಉಳಿದಿದ್ದವು. ಮೊದಲು ‘ಶುಭ’ ಮಾಯವಾಯಿತು.

ಬಡಿಯಬೇಕು ಎಂಬುದು ನೆನಪಾಯಿತು. ಎಲ್ಲಿ ಬಡಿಯಬೇಕೆಂಬುದು ನೆನಪಾಗಲಿಲ್ಲ. ಕೈಗೆ ಸಿಕ್ಕಿದ್ದು ನನ್ನದೇ ತೊಡೆ. ಪಟ್! ಪಟ್! ಪಟ್!

ನಮ್ಮ ಭಾಗದಲ್ಲಿ ತೊಡೆ ತಟ್ಟಿದರೆ ಏನರ್ಥ ಎಂದು ಬೇರೆ ಹೇಳಬೇಕಿಲ್ಲ. ಈರಪ್ಪನೂ ಇದೇ ಮಣ್ಣಿನವನು.

“ಆಹಾ ಸರ! ಇನ್ನೂ ದಮ್ ಐತೇನ್ರಿ!” ಎಂದು ಸಂತೋಷಪಟ್ಟು ಇನ್ನಷ್ಟು ಬಿಗಿದ.

“ತೊಡಿ ತಟ್ಟಾಕತ್ತಾರ ನೋಡ್ರಿ! ಬಿಡಬ್ಯಾಡ್ರಿ ಅವನ್ನ!” ಎಂದು ನನ್ನ ಧರ್ಮಪತ್ನಿ ಹುರಿದುಂಬಿಸಿದಳು. ‘ವಿವಾಹ’ವೂ ಮಸುಕಾಗತೊಡಗಿತು.

ಮ್ಯಾಟಿನ ಮೇಲೆ ಓಡಿ ಬಂದವಳು ಸೃಷ್ಟಿ. “ಮಾಮಾ, ಬಿಡ್ರಿ! ನಮ್ಮಪ್ಪ ಸವಾಲ್ ಹಾಕಾಕತ್ತಿಲ್ಲ, ಸೋತಾನ!”

ಕಾಲುಗಳು ತೆರೆದವು. ಗಾಳಿ ಬಂತು. ಎಲ್ಲ ಸೇರಿ ಐದಾರು ಸೆಕೆಂಡು ಅಷ್ಟೇ ಎಂದರು ಪ್ರವೀಣ ಸರ್. ನನ್ನ ಅಂದಾಜಿನಲ್ಲಿ ಒಂದು ಸೆಮಿಸ್ಟರ್. ಈಗಲೂ ಬೋರ್ಡಿನ ಮೇಲೆ ಬಲಗಳ ತ್ರಿಕೋನ ಬರೆಯುವಾಗ ನನ್ನ ಕೈ ತಾನಾಗಿಯೇ ಕಾಲರ್ ಸಡಿಲಿಸುತ್ತದೆ. ವಿದ್ಯಾರ್ಥಿಗಳು ಸೆಖೆ ಎಂದುಕೊಳ್ಳುತ್ತಾರೆ.

ಮನೆಗೆ ಬಂದೆವು. ಮಗಳ ಆಸೆಯನ್ನು ನಾನೇ ಕೊಂದೆ ಎಂಬ ಸಂಕಟ ಕುತ್ತಿಗೆ ನೋವಿಗಿಂತ ಹೆಚ್ಚಾಗಿತ್ತು. ಸುನಂದಾ ಬಿಸಿ ಉಪ್ಪಿನ ಗಂಟನ್ನು ಕುತ್ತಿಗೆಗೆ ಒತ್ತುತ್ತ ನಿಧಾನವಾಗಿ ಹೇಳಿದಳು:

“ನಾಳಿಂದ ಅಕೀನ ಕಳಸೂಣ್ರಿ.”

“ನನಗ ಹಿಂಗಾದಮ್ಯಾಲೂ?”

“ಹಿಂಗಾತಂತನ ರೀ! ಅಷ್ಟ್ ಸಣ್ಣ ಮನಷ್ಯಾ ನಿಮ್ಮಂಥಾ ದೊಡ್ಡ ಮೈಯವ್ರನ್ನ ಗಂಟು ಕಟ್ಟಿ ಇಡ್ತಾನಂದ್ರ ವಿದ್ಯಾ ಛಲೋನ ಐತಿ. ಹುಡುಗಿ ಕಲೀಲಿ.”

ಸೃಷ್ಟಿ ಈಗ ದಿನಾ ಅಭ್ಯಾಸ ಮಾಡುತ್ತಾಳೆ. ಲೋಡು ಮಂಚಕ್ಕೆ ಮರಳಿದೆ. ಕೌದಿಯ ಮೇಲೆ ಅದರ ಹುದ್ದೆಯನ್ನು ನಾನು ವಹಿಸಿಕೊಂಡಿದ್ದೇನೆ. ನಿನ್ನೆ ನನ್ನ ಬೇಲಿಯನ್ನು ಎರಡೇ ಹೆಜ್ಜೆಯಲ್ಲಿ ದಾಟಿ ಕುತ್ತಿಗೆ ಹಿಡಿದಳು. ನನ್ನ ಕೈ ಎದ್ದಿತು. ಪಟ್! ಪಟ್!

ಅವಳು ಹಿಡಿತ ಬಿಟ್ಟು ನಿಟ್ಟುಸಿರಿಟ್ಟಳು.

“ಅಪ್ಪಾ, ನಿನಗಿಂತ ಲೋಡ್ ಛಲೋ ಇತ್ತು. ಅದು ತೊಡಿ ತಟ್ಟತಿದ್ದಿಲ್ಲ.”