ಎಂಆರ್‌ಐ ಕೋಣೆಯಲ್ಲಿ ಅಣ್ಣ ತಮ್ಮ

ಚಿತ್ರದುರ್ಗದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಯಂತ್ರ ನಡೆಸುವುದು ನನ್ನ ಕೆಲಸ. ಯಂತ್ರ ಗೊಂದಲ ಮಾಡುವುದಿಲ್ಲ. ಒಳಗೆ ಮಲಗುವವರೂ ಹೊರಗೆ ಕೂತ ನಾನೂ ಸೇರಿ ವಾರಕ್ಕೊಂದಾದರೂ ಮಾಡಿಕೊಳ್ಳುತ್ತೇವೆ. ಹಿರಿಯೂರು ಕಡೆಯ ಕುರಿಗಾಹಿ ಅಣ್ಣತಮ್ಮಂದಿರಂತೂ ನನ್ನ ತಲೆಯನ್ನೇ ಕೆಡಿಸಿಬಿಟ್ಟರು.

೧. ಉಡಿದಾರ

ಅಣ್ಣನ ಗುದನಾಳದಲ್ಲಿ ಕ್ಯಾನ್ಸರ್ ಗಡ್ಡೆ. ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲು ಸ್ಕ್ಯಾನಿಗೆ ಕಳಿಸಿದ್ದರು. ಯಂತ್ರವೆಂದರೆ ದೊಡ್ಡ ಅಯಸ್ಕಾಂತ, ಮೈಮೇಲೆ ಲೋಹ ಇರಕೂಡದು. ಸೊಂಟದ ಬೆಳ್ಳಿ ಉಡಿದಾರ ಬಿಚ್ಚಿ ಎಂದೆ.

"ಉಸಿರಿರೋ ಗಂಡಸಿನ ಉಡಿದಾರ ಬಿಚ್ಚಿಸ್ತಾರೇನ್ರಿ? ಅದು ಹೆಣಕ್ಕೆ!" ಎಂದು ಎದ್ದೇಬಿಟ್ಟ.

ಕಾಲು ಗಂಟೆ ವಾದವಾಯಿತು. ಕೊನೆಗೆ ಬ್ಯಾಂಡೇಜ್ ಬಟ್ಟೆ ಸೀಳಿ ಸೊಂಟಕ್ಕೆ ಕಟ್ಟಿ, ಆಮೇಲೆ ಬೆಳ್ಳಿಯದನ್ನು ಬಿಚ್ಚಿಸಿದೆ. ಸ್ಕ್ಯಾನ್ ಮುಗಿದರೂ ಅವನು ಬ್ಯಾಂಡೇಜ್ ಬಿಚ್ಚಲಿಲ್ಲ.

"ಇರ್ಲಿ ಬಿಡ್ರಿ. ಆಸ್ಪತ್ರೆ ಉಡಿದಾರ, ಔಷಧಿ ಹಚ್ಚಿರ್ತೈತೆ!"

೨. ಕೊಬ್ಬು

ಗಡ್ಡೆ ಕರುಳಿನ ಗೋಡೆ ದಾಟಿ, ಸುತ್ತಲಿನ ಕೊಬ್ಬಿಗೆ ಇಳಿದು, ಆ ಕೊಬ್ಬಿನ ಹೊರಗಿನ ಪೊರೆಯ ಹತ್ತಿರ ಬಂದಿತ್ತು. ರಿಪೋರ್ಟ್ ಬರೆಯುವ ಡಾಕ್ಟರಮ್ಮ ಹೇಳಿದರು: ಮೊದಲು ಕರೆಂಟು, ಅಂದರೆ ರೇಡಿಯೇಷನ್, ಜೊತೆಗೆ ಕೀಮೋ. ಪೂರ್ತಿ ಕರಗದಿದ್ದರೆ ಆಪರೇಷನ್, ಆಮೇಲೆ ಜೀವನಪೂರ್ತಿ ಹೊಟ್ಟೆಗೆ ಮಲದ ಚೀಲ. ಅಣ್ಣನ ಮುಖ ಸಣ್ಣದಾಯಿತು. ನನಗೂ ಸಂಕಟವಾಯಿತು. ಸಮಾಧಾನ ಮಾಡಲು ಹೋಗಿ ಗೋಡೆ, ಕೊಬ್ಬು, ಪೊರೆ ಎಲ್ಲ ಕಲಸಿ ಏನೇನೋ ವಿವರಿಸಿದೆ.

ಜೊತೆಗೆ ಬಂದಿದ್ದ ತಮ್ಮ, ಥೇಟ್ ಅಣ್ಣನದೇ ಅಚ್ಚು, ತಡೆದ. "ಸಾರ್, ನೀವು ಕುರಿ ಕುಯ್ದಿಲ್ಲ ಅನ್ಸುತ್ತೆ. ಕರುಳಿನ ಸುತ್ತ ಕೊಬ್ಬು, ಅದರ ಮೇಲೆ ತೆಳ್ಳನೆ ಪೊರೆ. ಪೊರೆ ಹರೀದಂಗೆ ಎತ್ತಿದ್ರೆ ಚೊಕ್ಕ. ಹರಿದ್ರೆ ಎಲ್ಲಾ ಕೆಡ್ತೈತೆ. ಅದಕ್ಕೇ ಮೊದ್ಲು ಕರಗಿಸೋದು, ಅಲ್ವೇನಮ್ಮ?"

"ಸರಿಯಾಗಿ ಹೇಳಿದ್ರಿ" ಎಂದ ಡಾಕ್ಟರಮ್ಮ ನನ್ನತ್ತ ತಿರುಗಿದರು. "ನಿಮಗೆ ಅರ್ಥ ಆಯ್ತಾ?"

೩. ಚೊಕ್ಕ ಚಿತ್ರ

ಚಿಕಿತ್ಸೆ ಮುಗಿದು ಕೆಲವು ತಿಂಗಳಿಗೆ ಮತ್ತೆ ಸ್ಕ್ಯಾನ್. ಅದೇ ಮೀಸೆ, ಅದೇ ರುಮಾಲು. ಈ ಸಲ ನೂಲಿನ ದಾರ ಕಟ್ಟಿಕೊಂಡೇ ಬಂದಿದ್ದ. ಎಷ್ಟು ಬೇಗ ಕಲಿತನಲ್ಲ ಎಂದು ಖುಷಿಪಟ್ಟೆ.

ಚಿತ್ರ ನೋಡಿದ ಡಾಕ್ಟರಮ್ಮ ಬೆಪ್ಪಾದರು. "ಗಡ್ಡೆ ಕರಗಿದ್ರೂ ಕಲೆ ಉಳೀಬೇಕು. ಇಲ್ಲಿ ಏನೂ ಇಲ್ಲ! ಹಳೇ ಚಿತ್ರದ ಬೆನ್ನುಮೂಳೆಗೂ ಇದಕ್ಕೂ ಹೋಲಿಕೇನೇ ಇಲ್ಲ. ಯಾರನ್ನ ಮಲಗಿಸಿದ್ರಿ?"

ಓಡಿಹೋಗಿ ಕೇಳಿದೆ. "ನಾನು ತಮ್ಮ ಸಾರ್" ಎಂದ, ತಣ್ಣಗೆ. "ಅಣ್ಣ ಕುರಿ ಉಣ್ಣೆ ಕತ್ತರಿಸ್ತಾ ಅವ್ನೆ. ಯಾವ ಆಫೀಸಾದ್ರೂ ಪುರುಸೊತ್ತಿದ್ದೋರು ಹೋಗೋದು ನಮ್ಮನೆ ಪದ್ಧತಿ. ಮಾರಿಕಣಿವೆ ಡ್ಯಾಮಿನ ನೀರಿನ ಆಫೀಸಿಗೆ ಹೋದ್ಸಲ ನನ್ ಬದ್ಲು ಅವ್ನು ಹೋಗಿದ್ದ. ಅಲ್ಲಿ ಯಾರೂ ಏನೂ ಕೇಳಲ್ಲ."

ಈ ರಿಪೋರ್ಟ್ ಹೋಗಿದ್ದರೆ ಅಣ್ಣನ ಗತಿ ಏನು? ಹೆಸರು ಕೇಳದೆ ಮೀಸೆ ನೋಡಿ ಮಲಗಿಸಿದವನು ನಾನೇ. ಆದರೂ ಬೈದದ್ದು ಅವನನ್ನು. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಅಂದ:

"ನನ್ದು ಚೊಕ್ಕ ಐತಲ್ಲ, ಅದನ್ನೇ ಒಂದು ಚೀಟೀಲಿ ಬರ್ಕೊಡ್ರಿ. ಹೆಂಡ್ತಿಗೆ ತೋರಿಸ್ಬೇಕು."

೪. ಕಲೆ

ಮರುದಿನ ಅಣ್ಣನೇ ಬಂದ. ಹೆಸರು, ಅಪ್ಪನ ಹೆಸರು, ವಯಸ್ಸು ಎಲ್ಲವನ್ನೂ ಮೂರು ಮೂರು ಸಲ ಕೇಳಿ ಮಲಗಿಸಿದೆ. ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಗಡ್ಡೆ ಇದ್ದ ಜಾಗದಲ್ಲಿ ಕಪ್ಪನೆ ಕಲೆ ಮಾತ್ರ.

ಸರ್ಜನ್ನರೂ ಕ್ಯಾಮೆರಾ ಹಾಕಿ ನೋಡಿದರು. ಆಮೇಲೆ ಅಣ್ಣತಮ್ಮ ಇಬ್ಬರೂ ನಮ್ಮಲ್ಲಿಗೇ ಸುದ್ದಿ ಹೇಳಲು ಬಂದರು: ಸದ್ಯಕ್ಕೆ ಆಪರೇಷನ್ ಬೇಡ, ಚೀಲವೂ ಬೇಡ. ಆದರೆ ಗಡ್ಡೆ ಮತ್ತೆ ಬರಬಹುದು, ಮೂರು ಮೂರು ತಿಂಗಳಿಗೆ ಸ್ಕ್ಯಾನ್ ತಪ್ಪಿಸುವಂತಿಲ್ಲ. ಹೇಳುತ್ತ ಹೇಳುತ್ತ ಅಣ್ಣ ರುಮಾಲಿನಿಂದ ಕಣ್ಣೊರೆಸಿಕೊಂಡ. ನನಗೂ ಕಣ್ಣು ತುಂಬಿ ಬಂತು. ತಮ್ಮ ಅವನ ಹೆಗಲು ಹಿಡಿದು ನಿಂತಿದ್ದ.

ಅಣ್ಣ ಮೂಗು ಒರೆಸಿಕೊಂಡು ಅವನತ್ತ ತಿರುಗಿದ.

"ಲೇ, ಈ ಸಲ ನಾನು ಬಂದೀನಿ. ಮುಂದಿನ ಸಲ ನಿನ್ ಪಾಳಿ."