ಹಬ್ಬ ಬೇಡವೆಂದ ಅವ್ವ

ಹಬ್ಬ ಮಾಡದೆ ಸುಮ್ಮನಿರೋಣವೆಂದರೆ ಚೆನ್ನೈ ಬಿಡುವುದಿಲ್ಲ. ನಾವು ಹೋಗದಿದ್ದರೆ ಅದೇ ಬಾಗಿಲಿಗೆ ಬರುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ದಾವಣಗೆರೆಯಿಂದ ವಡಪಳನಿಯ ನನ್ನ ಬಾಡಿಗೆ ಮನೆಗೆ ಕರೆತಂದೆ. ಅವಳಿಗೆ ತಮಿಳು ಬಾರದು. ಕನ್ನಡದಲ್ಲಿ ಮಾತಾಡುವ ಮನಸ್ಸೂ ಇರಲಿಲ್ಲ. "ಈ ವರ್ಷ ನಮಗೆ ಹಬ್ಬ ಇಲ್ಲ" ಎಂದವಳು ಗೋಡೆ ನೋಡುತ್ತ ಕೂತುಬಿಟ್ಟಳು. ಅನ್ನ ತಟ್ಟೆಯಲ್ಲೇ ಒಣಗುತ್ತಿತ್ತು.

ಭೋಗಿ

ಪೊಂಗಲ್ ಹಿಂದಿನ ದಿನ ಬೆಳಗಿನ ಜಾವ ಇಲ್ಲಿ ಹಳೆಯ ಸಾಮಾನೆಲ್ಲ ಬೀದಿಗೆ ತಂದು ಸುಡುತ್ತಾರೆ. ಎದುರುಮನೆಯಾಕೆ ಬಂದು, ಹಳೆಯದೇನಾದರೂ ಇದ್ದರೆ ಕೊಡಿ ಎಂದಳು. ಅವ್ವನಿಗೆ ಅದನ್ನು ತಿಳಿಸಿದೆ.

"ಈ ಮನೇಲಿ ಹಳೇದು ಅಂದ್ರೆ ನಾನೊಬ್ಳೇ. ಕರ್ಕಂಡು ಹೋಗು ಅನ್ನು," ಎಂದು ಅವ್ವ ತಾನೇ ಎದ್ದು ನಿಂತಳು.

ಎದುರುಮನೆಯಾಕೆಗೆ ಕನ್ನಡ ತಿಳಿಯದು. ಮುದುಕಿ ಹಬ್ಬಕ್ಕೆ ಎದ್ದಳಲ್ಲ ಎಂಬ ಸಂತೋಷಕ್ಕೆ, ಕೈ ಹಿಡಿದು ನೇರ ಬೆಂಕಿಯ ಹತ್ತಿರಕ್ಕೇ ಕರೆದುಕೊಂಡು ಹೋದಳು.

ಕಾಣುಂ ಪೊಂಗಲ್

ಆ ವಾರವೇ ಬಂದ, ಎಲ್ಲರೂ ಮನೆ ಬಿಟ್ಟು ಸುತ್ತಾಡಲು ಹೊರಡುವ ಕಾಣುಂ ಪೊಂಗಲ್ಲಿಗೆ ಒತ್ತಾಯಮಾಡಿ ಮರೀನಾ ಕಡಲತೀರಕ್ಕೆ ಕರೆದೊಯ್ದೆ. ಅಂದು ಇಡೀ ಊರು ಮರಳ ಮೇಲಿರುತ್ತದೆ. ಮಕ್ಕಳು ಕಳೆದುಹೋದಾವೆಂದು ಪೊಲೀಸರು ಅವುಗಳ ಕೈಗೆ ಫೋನ್ ನಂಬರಿನ ಪಟ್ಟಿ ಕಟ್ಟುತ್ತಾರೆ. ಅವ್ವನಿಗೂ ಒಂದು ಕಟ್ಟಿಸಿದೆ. ಅವಳು ಮುಖ ಗಂಟಿಕ್ಕಿದಳು.

ಕಡಲೆಕಾಳಿನ ಸುಂಡಲ್ ತರಲು ಹೋದ ನನಗೆ ವಾಪಸ್ ದಾರಿಯೇ ಸಿಗಲಿಲ್ಲ. ಗದ್ದಲದಲ್ಲಿ ಫೋನೂ ಕೇಳಿಸಲಿಲ್ಲ. ಕೊನೆಗೆ ಮೈಕಿನಲ್ಲಿ ನನ್ನ ಹೆಸರು ಬಂತು: ನೀಲಿ ಅಂಗಿಯ ಮಗು ಕಾಣೆಯಾಗಿದೆ, ತಾಯಿ ಕಾಯುತ್ತಿದ್ದಾರೆ.

ಪೊಲೀಸರ ಚಪ್ಪರದಲ್ಲಿ ಅಳುವ ಮಕ್ಕಳ ನಡುವೆ ಅವ್ವ ಕೂತಿದ್ದಳು. ಮಹಿಳಾ ಪೊಲೀಸು ನನ್ನ ನರೆತ ಮೀಸೆ ನೋಡಿದಳು, ಅವ್ವನನ್ನು ನೋಡಿದಳು, ನನ್ನ ಕೈಗೂ ಒಂದು ಪಟ್ಟಿ ಕಟ್ಟಿದಳು.

ಮೆರವಣಿಗೆ

ನಮ್ಮ ಆಷಾಢದ ಹೊತ್ತಿಗೆ ಬರುವ ಆಡಿ ಮಾಸ, ಇಲ್ಲಿ ಅಮ್ಮನವರ ಉತ್ಸವಗಳ ಕಾಲ. ಒಂದು ಸಂಜೆ ತಮಟೆ, ಪಟಾಕಿ, ಬೀದಿ ತುಂಬ ಹೂ ಎರಚಿಕೊಂಡು ಕುಣಿಯುವ ಗಂಡಸರು. ಹಿಂದೆ ಹೂವಿನಿಂದ ಮುಚ್ಚಿಹೋದ ಗಾಡಿ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ಒಳ್ಳೆ ಸೀರೆ ಉಟ್ಟು, ತೆಂಗಿನಕಾಯಿ, ಉರಿಯುವ ಕರ್ಪೂರದ ತಟ್ಟೆ ಹಿಡಿದು ಬೀದಿಯಲ್ಲಿದ್ದಳು. ಗಾಡಿ ಅವಳೆದುರೇ ನಿಂತಿತ್ತು.

"ಯಾವ ದೇವರೋ ಇದು?" ಎಂದಳು.

"ದೇವರಲ್ಲ ಅವ್ವ. ಹೆಣ."

ನಮ್ಮವರಲ್ಲಿ ಹೆಣವನ್ನು ಕೂರಿಸಿ ಒಯ್ಯುತ್ತಾರೆ. ಇಲ್ಲಿ ಮಲಗಿಸಿ ಮೇಲೆ ಹೂ ಸುರಿದಿದ್ದರಿಂದ ಅವಳಿಗೆ ತಿಳಿದಿರಲಿಲ್ಲ. ಈಗ ಬಗ್ಗಿ ನೋಡಿದಳು. ಹೂವಿನ ನಡುವೆ ಒಬ್ಬ ಮುದುಕನ ಮುಖ. ಅಪ್ಪ ಹೋದಾಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದವಳು ಗಾಡಿಯ ಅಂಚು ಹಿಡಿದು, "ನನ್ನ ಒಬ್ಳನ್ನೇ ಬಿಟ್ಟು ಹೋದ್ಯಲ್ಲೋ," ಎಂದು ಬಿಕ್ಕಿ ಬಿಕ್ಕಿ ಅತ್ತಳು.

ತಮಟೆ ನಿಂತಿತು. ಕುಣಿಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳನ್ನು ಬಿಡಿಸಲು ನನ್ನ ಕೈಯಲ್ಲಾಗಲಿಲ್ಲ. ನನಗೂ ಕಣ್ಣು ತುಂಬಿತ್ತು.

ಸತ್ತವನ ಹಿರಿಮಗ ಹತ್ತಿರ ಬಂದ. ನನ್ನ ಹಣೆ, ಮೂಗು, ಕಿವಿ ಎಲ್ಲ ನಿಧಾನವಾಗಿ ನೋಡಿದ. ಆಮೇಲೆ ಹೆಗಲ ಮೇಲೆ ಕೈಯಿಟ್ಟು, ತಮ್ಮನನ್ನು ಕರೆಯುವಂತೆ ಮೆಲ್ಲಗೆ ಕೇಳಿದ:

"ತಂಬಿ, ಅಪ್ಪ ಈ ಮನೆಗೂ ಬರ್ತಿದ್ರಾ?"