ಮಂದ ಬೆಳಕಿನ ಮಹಾಲೆನ್ಸು

ಭೂಮಾಪನ ಇಲಾಖೆಯಿಂದ ನಿವೃತ್ತರಾದ ಪರಮಶಿವಪ್ಪನವರ ಕಣ್ಣುಗಳಲ್ಲಿ ಕಪ್ಪುಗುಡ್ಡೆಗಳು ಇದ್ದವು. ಇದು ಸತ್ಯಸಂಗತಿ; ಯಾರು ಬೇಕಾದರೂ ಬಂದು ಪರಿಶೀಲಿಸಬಹುದಿತ್ತು. ಆದರೂ ಶಿಕಾರಿಪುರದ ಸಂಧ್ಯಾದೀಪ ನಿವೃತ್ತರ ಬಳಗದ ಗೋಡೆಯ ಮೇಲೆ, ಕಳೆದ ವರ್ಷದ ಗುಂಪುಚಿತ್ರದಲ್ಲಿ, ಅವರು ಕಣ್ಣಿನ ಜಾಗಕ್ಕೆ ಎರಡು ಇಡ್ಲಿ ಅಂಟಿಸಿಕೊಂಡವರಂತೆ ಕುಳಿತಿದ್ದರು. ಬಾಡಿಗೆಗೆ ಬಂದ ಫೋಟೋದವನ ಫ್ಲ್ಯಾಶ್ ಅವರ ಕನ್ನಡಕಕ್ಕೆ ಬಡಿದು ಮಾಡಿದ ಅನಾಹುತವದು.

"ಇದು ಚಿತ್ರವಲ್ಲ, ಸುಳ್ಳು ಸಾಕ್ಷಿ!" ಎಂದು ಅವರು ಸಭೆಯಲ್ಲಿ ಎದ್ದು ಖಂಡಿಸಿದರು. "ಈ ವರ್ಷ ಫ್ಲ್ಯಾಶ್ ಇಲ್ಲದೆ, ಸಹಜ ಬೆಳಕಿನಲ್ಲಿ, ನಾನೇ ತೆಗೆಯುತ್ತೇನೆ."

"ತೆಗೀರಿ, ಯಾರ್ ಬ್ಯಾಡ ಅಂತಾರ?" ಎಂದರು ಅಧ್ಯಕ್ಷ ಕೆಂಪಪ್ಪನವರು. "ಸರಿ ಬರ್ಲಿಲ್ಲ ಅಂದ್ರೆ ಇಡ್ಲಿ ಕಣ್ಣಿಂದೇ ಇನ್ನೊಂದು ವರ್ಷ ತೂಗ್ತೈತಿ, ಅಷ್ಟೇ."

ಮನೆಯಲ್ಲಿ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ ಇತ್ತು. ಆದರೆ ಅದರ ಲೆನ್ಸಿಗೆ ಬಳಗದ ಸಭಾಂಗಣದ ಕತ್ತಲೆಯನ್ನು ಭೇದಿಸುವ ಶಕ್ತಿ ಇರಲಿಲ್ಲ. (ಸಭಾಂಗಣವೆಂಬುದು ಗೌರವದ ಮಾತು. ಅದು ಒಂದು ಕಾಲದ ಮೆಕ್ಕೆಜೋಳದ ಗೋದಾಮು, ಇರುವುದೊಂದೇ ಕಿಟಕಿ.) ಬೇಕಾದದ್ದು ಅಗಲ ಬಾಯಿಯ, ಮಂದ ಬೆಳಕನ್ನೂ ಗಟಗಟನೆ ಕುಡಿಯಬಲ್ಲ ಫಾಸ್ಟ್ ಲೆನ್ಸ್. ಸೊರಬದಲ್ಲಿ ಸ್ಟುಡಿಯೊ ಮುಚ್ಚುತ್ತಿದ್ದ ತ್ರ್ಯಂಬಕ ಎಂಬವರ ಬಳಿ ಅಂಥದೊಂದು ಮಾರಾಟಕ್ಕಿರುವ ಸುದ್ದಿ ಬಂತು.

"ಒಂದು ಫೋಟೋಕ್ಕೆ ಸೊರಬಕ್ಕೆ ಹೋಗ್ಬೇಕೇನ್ರೀ? ನನ್ನ ಮೊಬೈಲ್ನಾಗೆ ತೆಗೆದ್ರಾತು," ಎಂದರು ಪತ್ನಿ ಉಚ್ಚಂಗಮ್ಮ.

"ಮೊಬೈಲು ಊಹೆ ಮಾಡುತ್ತೆ, ಇದು ಅಳತೆ ಮಾಡುತ್ತೆ. ನೋಡಿಲ್ಲಿ, ಕ್ಯಾಮೆರಾದ ಮೂಲೆಯ ಕಿಂಡಿಯಲ್ಲಿ ಎರಡು ಬಿಂಬ. ಎರಡೂ ಒಂದಾದರೆ ದೂರ ಕರಾರುವಾಕ್ಕು."

"ಹಂಗಾರೆ ಲೆನ್ಸ್‌ನಾಗೆ ನೋಡಲ್ವಾ ನೀವು?"

"ನೋಡುವ ಅಗತ್ಯವೇ ಇಲ್ಲ."

"ಮತ್ತೆ ಅದಕ್ಕೆ ಏನು ಕಾಣ್ತೈತಿ ಅಂತ ನಿಮಗೆ ಹೆಂಗೆ ತಿಳೀತದೆ?"

ಉನ್ನತ ತಂತ್ರಜ್ಞಾನವನ್ನು ಅಡುಗೆಮನೆಯ ಮಟ್ಟಕ್ಕೆ ಇಳಿಸುವುದು ಪರಮಶಿವಪ್ಪನವರಿಗೆ ಸೇರದು. ಸೀದಾ ಸೊರಬದ ಬಸ್ಸು ಹತ್ತಿದರು.

ಸೊರಬದಲ್ಲಿ ಅವರು ಲೆನ್ಸಿನೊಳಕ್ಕೆ ಟಾರ್ಚು ಬಿಟ್ಟು ಬೂಷ್ಟು ಹುಡುಕಿದರು, ಗೀರು ಹುಡುಕಿದರು, ಉಂಗುರ ತಿರುಗಿಸಿ ಕಿವಿಗೊಟ್ಟು ಕೇಳಿದರು.

"ಅಲ್ಲಾ ಮಾರಾಯ್ರೆ, ಹೆಣ್ಣು ನೋಡಕ್ಕೆ ಬಂದವ್ರೂ ಇಷ್ಟು ನೋಡೂದಿಲ್ಲ," ಎಂದರು ತ್ರ್ಯಂಬಕ.

"ಇದರ ಮುಚ್ಚಳವೆಲ್ಲಿ?"

ತ್ರ್ಯಂಬಕ ಒಂದು ಪ್ಲಾಸ್ಟಿಕ್ ಮುಚ್ಚಳ ಕೊಟ್ಟರು. ಪರಮಶಿವಪ್ಪನವರು ಅದನ್ನು ಹಿಂದಕ್ಕೆ ತಳ್ಳಿದರು. "ಇದು ಇದರದ್ದಲ್ಲ."

"ಸರಿಹೋಗ್ತದಲ್ಲ?"

"ಸರಿಹೋಗುವುದು ಬೇರೆ, ಸರಿಯಾಗಿರುವುದು ಬೇರೆ. ಮೂಲ ಮುಚ್ಚಳವಿಲ್ಲದೆ ವ್ಯಾಪಾರವಿಲ್ಲ."

ತ್ರ್ಯಂಬಕ ಗೊಣಗುತ್ತ ಅಟ್ಟ ಹತ್ತಿದರು. ಬಹಳ ಹೊತ್ತಿನ ಮೇಲೆ, ತಲೆತುಂಬ ಜೇಡರಬಲೆಯೊಂದಿಗೆ, ಕಪ್ಪು ಲೋಹದ ಮೂಲ ಮುಚ್ಚಳವನ್ನು ತಂದರು. ಲೆನ್ಸಿಗೆ ಒತ್ತಿದರೆ ಜೊತೆಗೇ ಹುಟ್ಟಿದಂತೆ ಕುಳಿತುಕೊಂಡಿತು. ಪರಮಶಿವಪ್ಪನವರು ಊರಿಗೆ ಮರಳುವಾಗ ಬಸ್ಸಿನಲ್ಲಿ ಪಕ್ಕದವರಿಗೆ ತೋರಿಸಿದ್ದು ಲೆನ್ಸನ್ನಲ್ಲ, ಮುಚ್ಚಳವನ್ನು.

ಚಿತ್ರದ ದಿನ ಅವರು ಸದಸ್ಯರನ್ನು ಸೇವಾಜ್ಯೇಷ್ಠತೆಯ ಪ್ರಕಾರ ಕೂರಿಸಿ ಆಜ್ಞಾಪಿಸಿದರು: "ಯಾರೂ ಅಲುಗಾಡಬಾರದು, ಮಾತಾಡಬಾರದು!" ಕಿಂಡಿಗೆ ಕಣ್ಣಿಟ್ಟರು. ಬಿಂಬಗಳೆರಡೂ ಒಂದಾದವು. ಆಶ್ಚರ್ಯವೆಂದರೆ, ನೌಕರಿಯುದ್ದಕ್ಕೂ ಮುಖ ಸಡಿಲಿಸದ ಕೆಂಪಪ್ಪನವರೂ ಸೇರಿ ಎಲ್ಲರೂ ಹಲ್ಲು ಕಿರಿಯುತ್ತಿದ್ದರು. ಫ್ಲ್ಯಾಶಿನ ಭಯ ಹೋದರೆ ಮನುಷ್ಯನ ಮುಖ ಹೇಗೆ ಅರಳುತ್ತದೆ ಎಂದು ಪರಮಶಿವಪ್ಪನವರ ಎದೆಯುಬ್ಬಿತು.

ಕಿಟಕಿಯ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ ಉಚ್ಚಂಗಮ್ಮ, "ರೀ, ಒಂದು ಮಾತು..." ಎಂದರು.

"ಯಂತ್ರದ ವಿಷಯ ನಿನಗೆ ತಿಳಿಯಲ್ಲ, ಸುಮ್ಮನಿರು!"

ಉಚ್ಚಂಗಮ್ಮ ಮತ್ತೆ ಮೊಬೈಲ್ ಎತ್ತಿದರು. ಇಡೀ ಫಿಲ್ಮ್ ಮುಗಿಯಿತು. ಕ್ಯಾಮೆರಾವನ್ನು ಚೀಲಕ್ಕಿಡುವಾಗ ಲೆನ್ಸಿನ ಮೇಲೆ ಆಗಲೇ ಮುಚ್ಚಳವಿರುವುದನ್ನು ಕಂಡ ಪರಮಶಿವಪ್ಪನವರು, ಕೆಲಸ ಮುಗಿದ ಕ್ಷಣವೇ ಅದನ್ನು ಮರಳಿ ಹಾಕಿಬಿಟ್ಟ ತಮ್ಮ ಶಿಸ್ತನ್ನು ಮನಸಾರೆ ಮೆಚ್ಚಿಕೊಂಡರು.

ಬೆಂಗಳೂರಿಗೆ ತೊಳೆಯಲು ಕಳಿಸಿದ್ದ ಫಿಲ್ಮಿನ ವಿಷಯವಾಗಿ ಮುಂದಿನ ವಾರ ಫೋನು ಬಂತು. "ಸರ್, ಪೂರ್ತಿ ಖಾಲಿ. ಬೆಳಕೇ ಬಿದ್ದಿಲ್ಲ."

"ಬೆಳಕು ಬಿದ್ದಿಲ್ಲವೇ? ಲೆನ್ಸನ್ನು ಪೂರ್ತಿ ತೆರೆದಿದ್ದೆ ಸ್ವಾಮಿ! ದಾಖಲೆ ಸಮೇತ ಸಾಬೀತು ಮಾಡುತ್ತೇನೆ!" ಎಂದು ಗುಡುಗಿ ಹೆಂಡತಿಯತ್ತ ತಿರುಗಿದರು. "ನೀನು ಅವತ್ತು ತೆಗೆದೆಯಲ್ಲ, ಅದನ್ನು ಕೊಡು. ಉಂಗುರದ ಮೇಲಿನ ಅಂಕಿ ಅದರಲ್ಲಿ ಕಂಡೇ ಕಾಣುತ್ತೆ."

"ಬ್ಯಾಡ ಬಿಡ್ರೀ."

"ಸತ್ಯ ಹೊರಗೆ ಬರಲಿ!"

ಚಿತ್ರ ಸೊಗಸಾಗಿತ್ತು. ಎಡಕ್ಕೆ ನಗುವ ಬಳಗ, ಬಲಕ್ಕೆ ಸೇನಾಧಿಪತಿಯಂತೆ ಪರಮಶಿವಪ್ಪ. ಎರಡು ಬೆರಳಿನಿಂದ ಹಿಗ್ಗಿಸಿದರು. ಉಂಗುರ ಸರಿಯಾಗಿ 1.4ರ ಮೇಲೇ, ಅಂದರೆ ಪೂರ್ತಿ ತೆರೆದ ಗುರುತಿನ ಮೇಲೇ, ನಿಂತಿತ್ತು! "ನೋಡಿದೆಯಾ?" ಎಂದು ಗೆಲುವಿನಿಂದ ಬೆರಳು ತುಸು ಸರಿಸಿದರು. ಮೂಲ ಮುಚ್ಚಳ ಬಂತು. ಅದರ ಮೇಲಿನ ಒಂದೊಂದು ಅಕ್ಷರವೂ ಓದುವಷ್ಟು ಸ್ಪಷ್ಟವಾಗಿತ್ತು.

"ಅವತ್ತು ನಾ ಹೇಳಾಕ್ ಬಂದಿದ್ದು ಇದನ್ನೇ," ಎಂದರು ಉಚ್ಚಂಗಮ್ಮ. "ಅದರದ್ದೇ ಮುಚ್ಚಳ ಅಂದ್ರೆ ಎಷ್ಟು ಚೆಂದ ಕುಂತೈತಿ ನೋಡ್ರಿ."

ಇಡ್ಲಿ ಕಣ್ಣಿನ ಚಿತ್ರ ಗೋಡೆಯಿಂದ ಇಳಿಯಿತು. ಕಟ್ಟು ಹಾಕಿಸಿಕೊಂಡು ಅಲ್ಲಿಗೆ ಏರಿದ್ದು ಉಚ್ಚಂಗಮ್ಮನವರ ಮೊಬೈಲ್ ಚಿತ್ರ. ಅಡಿಬರಹವನ್ನು ನಿಖರವಾಗಿ ಬರೆಯಬಲ್ಲವರು ಬಳಗದಲ್ಲಿ ಒಬ್ಬರೇ ಇದ್ದುದರಿಂದ ಆ ಕೆಲಸ ಪರಮಶಿವಪ್ಪನವರಿಗೇ ಬಂತು. ಅವರು ಬರೆದರು: 'ಫ್ಲ್ಯಾಶ್ ಬಳಸದೆ, ಸಹಜ ಬೆಳಕಿನಲ್ಲಿ. ಛಾಯಾಗ್ರಹಣ: ಶ್ರೀಮತಿ ಉಚ್ಚಂಗಮ್ಮ. ಬಲತುದಿಯಲ್ಲಿ ಪರಮಶಿವಪ್ಪ, ಕ್ಯಾಮೆರಾಸಹಿತ.'

ಕೆಂಪಪ್ಪನವರು ಓದಿ ತಲೆಯಾಡಿಸಿದರು. "ಪೂರ್ತಿ ಆಗ್ಲಿಲ್ಲಲ್ರೀ. ಮುಚ್ಚಳ ಬಿಟ್ಟೀರಿ. ಸತ್ಯಸಂಗತಿ ಹೌದೋ ಅಲ್ಲೋ?"

ಪರಮಶಿವಪ್ಪನವರು ಚಿತ್ರವನ್ನು ಮತ್ತೊಮ್ಮೆ ಪರಿಶೀಲಿಸಿದರು. ಅಲ್ಲಗಳೆಯುವಂತಿರಲಿಲ್ಲ. ಪೆನ್ನು ತೆಗೆದು 'ಮುಚ್ಚಳಸಹಿತ' ಎಂದು ಸೇರಿಸಿದರು. ಕೊಂಚ ಯೋಚಿಸಿ, ತಲೆಯೆತ್ತಿ, ಅದರ ಹಿಂದೆ ಇನ್ನೊಂದು ಪದವನ್ನೂ ಬರೆದರು: 'ಮೂಲ'.